ಕುರ್ಚಿ ಪಿಚ್ಚರಿನ ಮಾತಿನ ರೀಲು

ಕೊಳ್ಳೇಗಾಲದ ನಮ್ಮ ಮನೆಯ ತಲೆಬಾಗಿಲು ತೆರೆದರೆ ಕಿರ್ರೆನ್ನುತ್ತಿತ್ತು. ಆ ಸದ್ದು ಬೀದಿಯ ಕೊನೆಯವರೆಗೂ ಕೇಳುತ್ತದೆ ಎಂದು ಯಜಮಾನರು ಹೇಳುತ್ತಿದ್ದರು. ದೇವರ ಸಿನಿಮಾ ನೋಡಿಕೊಂಡು ಬಂದ ದಿನ ಮನೆಮಂದಿಯೆಲ್ಲ ಅದನ್ನು ಧಾರಾಳವಾಗಿ ತಳ್ಳಿಕೊಂಡು ಒಳಗೆ ಬರುತ್ತಿದ್ದೆವು. ಕೊಲೆ ಪಿಚ್ಚರು ನೋಡಿ ಬಂದ ದಿನ ನಾನು ಮತ್ತು ನಮ್ಮತ್ತೆ ಇಬ್ಬರೇ ಇರುತ್ತಿದ್ದೆವು. ಆಗ ಅತ್ತೆ ಬಾಗಿಲನ್ನು ಎರಡು ಕೈಯಲ್ಲೂ ಹಿಡಿದು, ತುಸು ಮೇಲಕ್ಕೆತ್ತಿ, ಮಗುವನ್ನು ತೊಟ್ಟಿಲಿಗೆ ಹಾಕುವವರ ಹಾಗೆ ಮೆಲ್ಲಗೆ ತಳ್ಳುತ್ತಿದ್ದರು. ಆದರೂ ಅದು ಕಿರ್ರೆನ್ನುತ್ತಿತ್ತು. ಒಳಗಿನಿಂದ ಯಜಮಾನರ ದನಿ ಬರುತ್ತಿತ್ತು:

“ಇವತ್ತು ಯಾರ ಕೊಂದಾಕ್ಬುಟ್ಟು ಬಂದ್ರವ್ವಾ?”

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದೆಲ್ಲ ಗೊತ್ತಿರಲಿಲ್ಲ. ನನ್ನ ತವರು ಯಳಂದೂರಿನ ಕಡೆ. ಯಜಮಾನರದು ಹುಣಸೆಹಣ್ಣು, ಸೀಗೆಕಾಯಿ, ಅಂಟುವಾಳದ ವ್ಯಾಪಾರ. ಮನೆಯ ಮುಂಭಾಗದಲ್ಲೇ ಅಂಗಡಿ, ಹಿಂದೆ ಸರಕು ತುಂಬುವ ಕೋಣೆ. ಅತ್ತೆಗೆ ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಒಂದು ಹನಿ ನೀರು ಹಾಕುವವರಲ್ಲ. ಒಲೆಗೆ ಸೌದೆ ಇಡುವ ಮುಂಚೆ ಅದನ್ನು ನೆಲಕ್ಕೆ ಕುಟ್ಟಿ, ಇರುವೆ ಇದ್ದರೆ ಉದುರಿಹೋಗಲಿ ಎಂದು ಕಾಯುತ್ತಿದ್ದರು. ಇಂಥವರಿಗೆ ಕೊಲೆ, ದೆವ್ವ, ಪಾಳುಬಂಗಲೆಯ ಸಿನಿಮಾಗಳೆಂದರೆ ಪ್ರಾಣ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ತಿಳಿದದ್ದು ಹೀಗೆ. ಬೇಸಿಗೆಯಲ್ಲಿ ಊರಾಚೆಯ ಬಯಲಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಪಿಚ್ಚರು ಬದಲಾದ ದಿನ ಜಟಕಾ ಗಾಡಿಯ ಎರಡು ಪಕ್ಕಕ್ಕೂ ಬಣ್ಣದ ಚಿತ್ರ ಕಟ್ಟಿ, ತಮಟೆ ಬಡಿಯುತ್ತ, ನೋಟೀಸು ತೂರುತ್ತ ಬೀದಿ ಸುತ್ತುತ್ತಿದ್ದರು. ದೇವರ ಚಿತ್ರದ ನೋಟೀಸು ಸಿಕ್ಕಿದರೆ ಅತ್ತೆ ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಒಂದು ದಿನ ಬಂದ ನೋಟೀಸಿನಲ್ಲಿ ಒಂದು ಕೈ, ಕೈಯಲ್ಲಿ ಚೂರಿ, ಹಿಂದೆ ಬಾಯಿ ತೆರೆದ ಹೆಂಗಸು. ಮನೆಯಲ್ಲಿ ಇಂಥದ್ದು ಯಾಕೆ ಎಂದು ನಾನು ಅದನ್ನು ಒಲೆಗೆ ಹಾಕಲು ಹೊರಟೆ. ಅತ್ತೆ ಕೈ ಹಿಡಿದು ತಡೆದರು. ಸೆರಗಿನಿಂದ ಧೂಳು ಒರೆಸಿ, ಮಡಿಕೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಕೂಸೆ, ಈ ಕೈ ಗಂಡಸ್ದೋ ಎಂಗುಸ್ದೋ?”

“ಗಂಡಸ್ದೇ ಇರ್ಬೇಕು, ಅತ್ತೆಮ್ಮ.”

“ಉಗುರು ನೋಡು. ಯಾವ ಗಂಡಸು ಇಷ್ಟು ನೀಟಾಗಿ ಉಗುರು ಬುಡ್ತಾನ? ಸಂಜೆಗೆ ಮುದ್ದೆ ಬೇಗ್ನ ತಿರುವ್ಬುಡು. ಓಗಿ ನೋಡ್ಕಂಡು ಬರಾನ.”

ಹೋದೆವು. ಆ ಕೈ ಗಂಡಸಿನದೇ ಆಗಿತ್ತು. ಅತ್ತೆಗೆ ಅದರಿಂದ ಬೇಸರವೇನೂ ಆಗಲಿಲ್ಲ. ದಾರಿಯುದ್ದಕ್ಕೂ, ಚಿತ್ರ ಬರೆದವನು ಪಿಚ್ಚರು ನೋಡದೆ ಬರೆದಿದ್ದಾನೆ ಎಂದು ಅವನ ಮೇಲೆ ತಪ್ಪು ಹೊರಿಸಿಕೊಂಡು ಬಂದರು.

ಆಗ ನಮ್ಮ ಕಡೆಯ ಟೆಂಟುಗಳಿಗೆ ತಮಿಳು ಪಿಚ್ಚರುಗಳೇ ಹೆಚ್ಚು ಬರುತ್ತಿದ್ದವು. ನಮ್ಮ ತಾಲ್ಲೂಕು ಕೊಯಮತ್ತೂರಿಗೆ ಸೇರಿದ್ದ ಕಾಲದಲ್ಲಿ ಬೆಳೆದವರು ಅತ್ತೆ. ಅವರಿಗೆ ತಮಿಳು ನಮ್ಮ ಮನೆಯ ಹಿತ್ತಲಿದ್ದ ಹಾಗೆ, ಕತ್ತಲಲ್ಲೂ ಓಡಾಡಬಲ್ಲರು. ಯಳಂದೂರು ಮೊದಲಿನಿಂದ ಮೈಸೂರಿನ ಕಡೆಯದು, ನನಗೆ ತಮಿಳು ಅಷ್ಟಕ್ಕಷ್ಟೆ. ಹೆಂಗಸರ ಕಡೆಯ ಮರಳಿನ ಮೇಲೆ ಚಾಪೆ ಹಾಸಿ ಕೂತು, ಅತ್ತೆ ನನ್ನ ಕಿವಿಯಲ್ಲಿ ಮಾತನ್ನೆಲ್ಲ ಕನ್ನಡ ಮಾಡಿ ಹೇಳುತ್ತಿದ್ದರು. ದೇವರ ಪಿಚ್ಚರಿಗೆ ಬಂದವರು ಮುಂದಿನವರ ತಲೆ ಅಡ್ಡ ಬಾರದಿರಲಿ ಎಂದು ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದರು. ಕೊಲೆ ಪಿಚ್ಚರಿಗೆ ಆ ಕಷ್ಟವೇ ಇರಲಿಲ್ಲ. ಹೆಂಗಸರ ಕಡೆ ಹೆಚ್ಚೆಂದರೆ ಬೆರಳೆಣಿಕೆಯಷ್ಟು ಜನ. ಎರಡು ದಿನ ಓಡಿ, ಮೂರನೆಯ ದಿನ ಜಾಗ ಖಾಲಿ ಮಾಡುವ ಪಿಚ್ಚರುಗಳು ಅವು. ಅವುಗಳಲ್ಲಿ ನಟಿಸಿದವರ ಮುಖ ನಮಗೆ ಬೇರೆಲ್ಲೂ ಕಾಣಸಿಗುತ್ತಿರಲಿಲ್ಲ. ಆಡಂಬರದ ಅರಮನೆ ಕಟ್ಟಲು ಅವರ ಹತ್ತಿರ ಹಣವಿರಲಿಲ್ಲವೋ ಏನೋ, ಒಂದು ಮೆಟ್ಟಿಲು, ಒಂದು ಲಾಂದ್ರ, ಗೋಡೆಯ ಮೇಲೆ ಒಂದು ನೆರಳು, ಇಷ್ಟರಲ್ಲೇ ಮುಗಿಸುತ್ತಿದ್ದರು. ಆ ನೆರಳು ಅಲ್ಲಾಡಿದಾಗ ಟೆಂಟಿನ ಬಟ್ಟೆಯೂ ಗಾಳಿಗೆ ಪಟಪಟ ಅನ್ನುತ್ತಿತ್ತು. ನಾನು ಅತ್ತೆಯ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

“ದೆವ್ವನ ಯಾಕ ನೋಡೀಯೆ?” ಎನ್ನುತ್ತಿದ್ದರು. “ದೆವ್ವ ತೋರ್ಸಕ್ಕೇ ಬಂದದ. ಅದು ಬರಾವಾಗ ಮನೇಲಿ ಉಳಿದವ್ರು ಏನ್ ಮಾಡ್ತಾವ್ರೆ ಅದ ನೋಡು.”

ಅವರು ನೋಡುತ್ತಿದ್ದ ಬಗೆಯೇ ಬೇರೆ. ನಾಯಕ, ನಾಯಕಿ ಮಾತಾಡುತ್ತಿದ್ದರೆ ಅವರ ಹಿಂದೆ ತಟ್ಟೆ ತೊಳೆಯುತ್ತಿದ್ದವಳನ್ನು ನೋಡುತ್ತಿದ್ದರು. ಗಡಿಯಾರ ತೋರಿಸಿದರೆ ಹೊತ್ತು ಎಷ್ಟು ಎಂದು ನೋಡುವ ಬದಲು, ಇದಕ್ಕೆ ದಿನವೂ ಕೀಲಿ ಕೊಡುವವರು ಯಾರು ಎಂದು ಕೇಳುತ್ತಿದ್ದರು. ದೇವರ ಪಿಚ್ಚರಿನಲ್ಲಿ ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಹೂ ಎಸೆಯಲು ಸಿದ್ಧವಾಗಿಯೇ ಹೋಗುತ್ತಾರೆ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಅದಕ್ಕೇ ಕಣ್ಣು ತೆರೆದು ಕೂರಬೇಕು ಎನ್ನುವುದು ಅವರ ವಾದ. ಆ ಪಿಚ್ಚರುಗಳಿಂದ ನಾನು ಕಲಿತದ್ದು ಏನೆಂದರೆ, ಮನೆಯೊಳಗಿನ ಸಾಮಾನುಗಳೆಲ್ಲ ಏನೋ ಒಂದನ್ನು ಹೇಳುತ್ತಿರುತ್ತವೆ. ಸೌಟು ಇಟ್ಟ ಕಡೆ ಇಲ್ಲದಿದ್ದರೆ ಈಗಲೂ ನಾನು ಒಂದು ಗಳಿಗೆ ನಿಂತು ಯೋಚಿಸುತ್ತೇನೆ.

ಕೆಲವು ವರ್ಷ ಕಳೆದ ಮೇಲೆ ಅತ್ತೆಯ ಕಣ್ಣಿಗೆ ಪೊರೆ ಬರತೊಡಗಿತು. ಮೊದಮೊದಲು ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿದವು. ಆಮೇಲೆ ಬೆಳಿಗ್ಗೆ ಬಂದ ನೆಂಟರನ್ನು ದನಿ ಕೇಳಿದ ಮೇಲೆ ಗುರುತು ಹಿಡಿಯತೊಡಗಿದರು. ಯಜಮಾನರು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದರು. ಪೊರೆ ತೆಗೆಯಬೇಕು, ತಡ ಮಾಡಬೇಡಿ, ಆದರೆ ಆಪರೇಷನ್ ಆದಮೇಲೆ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ, ತಲೆ ಅಲ್ಲಾಡದಂತೆ ಮಲಗಿಸಬೇಕು ಎಂದರು ಡಾಕ್ಟರು. ಅತ್ತೆ ಅಲ್ಲಿಂದ ಎದ್ದು ಬಂದವರು ಮತ್ತೆ ಆ ಮಾತೇ ಎತ್ತಗೊಡಲಿಲ್ಲ.

“ಪಾಳುಬಂಗ್ಲೆ ನೋಡಕ್ಕೆ ಎದ್ರದ ಎಂಗುಸು, ಕಣ್ಣಿಗೆ ಬಟ್ಟೆ ಕಟ್ಟುಸ್ಕಳಕ್ಕೆ ಎದರ್ತೀಯಲ್ಲವ್ವ,” ಎಂದರು ಯಜಮಾನರು.

“ಪಾಳುಬಂಗ್ಲೇಲಿ ನಾನು ಮಲ್ಗಿರಲ್ಲ ಕಣ್ಲಾ. ಕಣ್ಣ ಕಟ್ಟಾಕಿ ಮಲಗ್ಸುದ್ರ, ಪಕ್ಕಕ್ಕೆ ಬಂದೋರು ಯಾರು, ಓದೋರು ಯಾರು ಅಂತ ಎಂಗ್ಲಾ ತಿಳ್ಯದು?”

ಪಿಚ್ಚರಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ನಮ್ಮ ಕೆಲಸಗಳು ಹಂಚಿಹೋದವು, ಅಷ್ಟೆ. ತೆರೆಯ ಮೇಲೆ ಏನು ಕಾಣುತ್ತಿದೆ ಎಂದು ನಾನು ಹೇಳುತ್ತಿದ್ದೆ, ಏನು ಮಾತಾಡಿದರು ಎಂದು ಅವರು ಹೇಳುತ್ತಿದ್ದರು. ಒಬ್ಬರ ಕಿವಿಗೆ ಒಬ್ಬರು ಪಿಸುಗುಟ್ಟುತ್ತ ಕೂತ ನಮ್ಮನ್ನು ನೋಡಿ, ಪಕ್ಕದವರು ಸುಮ್ಮನಿರ್ರಮ್ಮ ಎಂದು ಗದರುತ್ತಿದ್ದರು.

ಹೀಗಿರುವಾಗ ಬಂದದ್ದು ಕುರ್ಚಿ ಪಿಚ್ಚರು. ಅದಕ್ಕೆ ಬೇರೆ ಹೆಸರಿತ್ತು, ನಮ್ಮೂರಲ್ಲಿ ಎಲ್ಲರೂ ಹಾಗೇ ಕರೆದರು. ಕತೆ ಇಷ್ಟು. ದೊಡ್ಡ ಬಂಗಲೆ, ಅದರ ಮಹಡಿಯಲ್ಲಿ ಒಬ್ಬ ಸಾಹುಕಾರ, ಕಾಲು ಸ್ವಾಧೀನವಿಲ್ಲ. ದಿನವಿಡೀ ತೂಗುವ ಕುರ್ಚಿಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೂತಿರುತ್ತಾನೆ. ಆ ಕುರ್ಚಿ ನಮ್ಮ ಬಾಗಿಲಿನ ಹಾಗೆ ಕಿರಗುಟ್ಟುತ್ತದೆ. ಕೆಳಗಿನವರಿಗೆ ಆ ಸದ್ದು ಕೇಳುತ್ತಿದ್ದರೆ ಅವನು ಎಚ್ಚರವಾಗಿದ್ದಾನೆ ಎಂದರ್ಥ. ಮನೆಯಲ್ಲಿ ಅವನ ಎರಡನೆಯ ಹೆಂಡತಿ, ಮೊದಲ ಹೆಂಡತಿಯ ಮಗಳು, ದೀಪ ಹಚ್ಚಿಕೊಂಡು ಹೂ ಕಟ್ಟಿಕೊಂಡು ಇರುವ ಅವನ ವಿಧವೆ ಅಕ್ಕ. ದಿನವೂ ಬಂದು ಹೋಗುವ ಡಾಕ್ಟರು. ಒಂದು ಸಂಜೆ ಎಲ್ಲರೂ ಕೆಳಗೆ ಕಾಫಿ ಕುಡಿಯುತ್ತಿರುವಾಗ ಮೇಲಿನ ಸದ್ದು ನಿಲ್ಲುತ್ತದೆ. ನಿದ್ದೆ ಬಂತೇನೋ ಎಂದುಕೊಳ್ಳುತ್ತಾರೆ. ಬಹಳ ಹೊತ್ತಾದ ಮೇಲೆ ಮಗಳು ಹೋಗಿ ನೋಡಿದರೆ ಸಾಹುಕಾರನ ಎದೆಯಲ್ಲಿ ಚೂರಿ.

ಅಲ್ಲಿಂದ ಕತೆ ಬಿಗಿಯಾಗುತ್ತ ಹೋಯಿತು. ಇನ್ಸ್‌ಪೆಕ್ಟರು ಬಂದ, ಎಲ್ಲರನ್ನೂ ಹಜಾರಕ್ಕೆ ಕರೆದು ಕೂರಿಸಿದ. ರೀಲು ಬದಲಾಯಿಸಲು ದೀಪ ಹಾಕಿದರು. ಟೆಂಟಿನಲ್ಲಿ ಒಂದೇ ಮಿಷನ್ನು, ರೀಲಿಗೊಮ್ಮೆ ನಿಲ್ಲಿಸಲೇಬೇಕು. ಮತ್ತೆ ದೀಪ ಆರಿದಾಗ ತೆರೆಯ ಮೇಲೆ ಬೆಳಗಾಗಿತ್ತು. ಮಗಳು ಒಬ್ಬಳೇ ಕುದುರೆಗಾಡಿ ಹತ್ತಿ ಹೊರಟಿದ್ದಳು, ಬಂಗಲೆಗೆ ಬೀಗ ಬಿದ್ದಿತ್ತು. ಮಹಡಿಯ ಮೇಲೆ ಯಾರೂ ಇಲ್ಲದ ಕುರ್ಚಿ ತಾನೇ ತಾನಾಗಿ ತೂಗಿತು. ಮುಗಿಯಿತು. ಕೊಂದವರು ಯಾರು ಎಂದು ಯಾರೂ ಹೇಳಲಿಲ್ಲ!

ಜನ ಒಂದಷ್ಟು ಕೂಗಾಡಿದರು. ಕೂಗಾಡುತ್ತಲೇ ಬಸ್ಸಿಗೆ ಓಡಿದರು.

ಅದು ಹುಣಸೆಹಣ್ಣಿನ ಕಾಲ. ಮಾರನೆಯ ದಿನ ಜಗಲಿಯ ಮೇಲೆ ಗೋಣಿ ಹಾಸಿ, ಬೀದಿಯ ಹೆಂಗಸರೆಲ್ಲ ಹಣ್ಣು ಬಡಿದು ಬೀಜ ಬಿಡಿಸಲು ಕೂತರು. ಪಕ್ಕದ ಮನೆಯಾಕೆಯೂ ಹಿಂದಿನ ದಿನ ಟೆಂಟಿಗೆ ಬಂದಿದ್ದಳು. ಬಾಯಿ ಜೋರು, ಕೈ ಇನ್ನೂ ಜೋರು.

“ಎರಡ್ನೇ ಎಂಡ್ತೀನೇ ಕೊಂದವ್ಳೆ,” ಎಂದು ಸುತ್ತಿಗೆ ಕುಟ್ಟಿದಳು. “ಆ ಥರ ಉಬ್ಬು ತಿದ್ಕಂಡವ್ಳು ಇನ್ನೇನ್ ಮಾಡಾಳು?”

ಅಂಗಡಿಯಲ್ಲಿ ಸೀಗೆಕಾಯಿ ತೂಗುತ್ತಿದ್ದ ಯಜಮಾನರು ಅಲ್ಲಿಂದಲೇ ಕೂಗಿದರು. “ಡಾಕ್ಟ್ರು ಕಣ್ರಿ. ಡಾಕ್ಟ್ರೇ ಕೊಂದವ್ನೆ.”

“ನೀ ಪಿಚ್ಚರು ನೋಡಿದ್ಯಾಪ್ಪ?”

“ನೋಡ್ಬೇಕಾ ಅದ್ಕೆ? ದಿನಾ ಮನೆಗ್ ಬರೋ ಡಾಕ್ಟ್ರು ಅಂದ್ರೆ ಸಾಕು.”

ಅತ್ತೆ ಬೀಜ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. ಆ ಕೆಲಸಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ. “ಅಕ್ಕ,” ಎಂದರು. “ಆ ಹೂ ಕಟ್ಟೋ ಅಕ್ಕ.”

ಎಲ್ಲರೂ ನಕ್ಕರು. ಪಕ್ಕದ ಮನೆಯಾಕೆ ಸುತ್ತಿಗೆ ಕೆಳಗಿಟ್ಟಳು. “ಅಯ್ಯೋ ಸಿವ್ನೆ! ಬಾಯಿ ಬುಡ್ದೇ ಮೂಲೇಲಿ ಕೂತಿದ್ದ ಮುಂಡೇದ ಮ್ಯಾಲೆ ಯಾಕಕ್ಕ ತಪ್ಪು ಒರಿಸೀಯೆ?”

“ಕುರ್ಚಿಗೆ ಎಣ್ಣೆ ಬುಟ್ಟವ್ರೆ ಕಣೆ. ಕಾಫಿ ಕುಡ್ಯಾವಾಗ ಸದ್ದು ನಿಂತದ್ದು ಆಯಪ್ಪ ಸತ್ತದ್ದಕ್ಕಲ್ಲ. ಆ ಮನೇಲಿ ಎಣ್ಣೆ ಕುಡ್ಕೆ ಇದ್ದದ್ದು ದೀಪ ಹಚ್ಚೋ ಅಕ್ಕನ ಕೈಲಿ.”

“ಎಣ್ಣೆ ಬುಟ್ಟದ್ದ ನೀ ನೋಡ್ದಾ?”

“ನೋಡ್ಲಿಲ್ಲ, ಕೇಳ್ದೆ. ಈ ಕೂಸು ನನ್ನ ಕಿವೀಲಿ ಏಳ್ತು, ಗೋಡೆ ಮ್ಯಾಲೆ ಕುರ್ಚಿ ನೆರಳು ತೂಗ್ತಾ ಅದ ಅಂತ. ತೂಗ್ತಾ ಅದ, ಸದ್ದಿಲ್ಲ.”

ನನಗೆ ಆಗ ನೆನಪಾಯಿತು. ಹೌದು, ಸದ್ದು ನಿಂತ ಮೇಲೂ ಒಂದು ಚಣ ನೆರಳು ತೋರಿಸಿದ್ದರು, ಅದು ತೂಗುತ್ತಿತ್ತು. ನಾನು ನೋಡಿದ್ದೆ, ಆದರೆ ಸದ್ದಿಲ್ಲ ಎಂಬುದು ಹೊಳೆದಿರಲಿಲ್ಲ.

“ಅಯ್ಯೋ, ಆ ಟೆಂಟಿನ ಸವುಂಡು ಬಾಕ್ಸು ಯಾವಾಗ ಕೆಟ್ಟಿರಲ್ಲ?” ಎಂದಳು ಪಕ್ಕದ ಮನೆಯಾಕೆ.

“ಆಗ ಕೆಟ್ಟಿರ್ಲಿಲ್ಲ. ಪಿಚ್ಚರ್ಲಿ ಜೀರುಂಡೆ ಸದ್ದು ಕೇಳ್ತಿತ್ತಲ್ಲ.”

“ಜೀರುಂಡೆ ಟೆಂಟಿನ ಆಚ್ಗೆ ಬಯಲಲ್ಲಿ ಇದ್ದವು ಕಣಕ್ಕ!” ಮತ್ತೆ ನಗು. ಆಕೆ ಕೆಟ್ಟವಳಲ್ಲ, ನಗಿಸುವ ಚಪಲ. ಆದರೆ ಆಡಬಾರದ ಒಂದು ಮಾತು ಆಡಿಬಿಟ್ಟಳು. “ಕಣ್ಣು ಓದ ಮ್ಯಾಲೆ ಕಿವಿಗೂ ಮಂಕು ಬತ್ತದ, ಏನ್ ಮಾಡಾದು.”

ಅತ್ತೆ ಬಿಡಿಸಿದ ಬೀಜವನ್ನೆಲ್ಲ ಗುಡ್ಡೆ ಮಾಡಿ ಎದ್ದು ಒಳಗೆ ಹೋದರು. ಮಧ್ಯಾಹ್ನ ಒಲೆಯ ಮುಂದೆ ಕೂತಾಗ ನನ್ನನ್ನು ಕೇಳಿದರು. “ಕೂಸೆ, ನಿಜ್ವಾಗ್ಲೂ ಜೀರುಂಡೆ ಆಚ್ಗೆ ಇದ್ದವಾ?”

“ನಂಗೆ ಗೊತ್ತಿಲ್ಲ ಅತ್ತೆಮ್ಮ.”

“ಕಣ್ಣಂತೂ ಓಯ್ತಾ ಅದ. ಕಿವೀನೂ ಸುಳ್ಳೇಳ್ತದ ಅಂದ್ರ, ಆ ಬಟ್ಟೆ ಕಟ್ಟುಸ್ಕಂಡು ನಾನು ಯಾವ ಧೈರ್ಯದ ಮ್ಯಾಲೆ ಮಲಗ್ಲಿ?”

ನನಗೆ ಆಗ ಅರ್ಥವಾಯಿತು. ಕೊಲೆಗಾರ ಯಾರೆಂಬುದು ಊರಿನವರಿಗೆ ಹರಟೆ. ಅತ್ತೆಗೆ ಅದರ ಮೇಲೆ ಅವರ ಕಣ್ಣೇ ನಿಂತಿತ್ತು.

ಟೆಂಟಿನಲ್ಲಿ ಮಿಷನ್ನು ಓಡಿಸುವವನು ಮಧುವನಹಳ್ಳಿಯವನು. ಅಂಗಡಿಗೆ ಅಂಟುವಾಳ ಕೊಳ್ಳಲು ಬಂದಾಗ ಅತ್ತೆ ಅವನನ್ನು ಹಿಡಿದು ಕೂರಿಸಿದರು.

“ಏನ್ಲಾ, ನಿನ್ನ ಕುರ್ಚಿ ಪಿಚ್ಚರ್ಗೆ ಕೊನೇನೇ ಇಲ್ವಲ್ಲ?”

“ಅದಾ? ಒಂದು ರೀಲು ಆಕ್ದೆ ಬುಟ್ಟಿವ್ನಿ ಕಣವ್ವ.” ಅವನ ದನಿಯಲ್ಲಿ ಮುಜುಗರವೇನೂ ಇರಲಿಲ್ಲ. “ಕಡೇ ಬಸ್ಸು ಒರಡಾದ್ರೊಳ್ಗೆ ಆಟ ಮುಗೀಬೇಕು, ಇಲ್ದಿದ್ರ ಹಳ್ಳಿಯೋರು ಅರ್ಧಕ್ಕೇ ಎದ್ದೋಯ್ತಾರ, ನಾಳೆ ಬರಾದೂ ಇಲ್ಲ. ಉದ್ದ ಪಿಚ್ಚರು ಬಂದ್ರ ಒಂದು ರೀಲು ಬುಡಾದೆ. ಹಾಡಿನ ರೀಲು ಬುಟ್ರ ಕಲ್ಲು ಎಸೀತಾರ, ಫೈಟಿನ ರೀಲು ಬುಟ್ರ ಕುರ್ಚಿ ಮುರೀತಾರ. ಅದ್ಕೇ ಮಾತಿನ ರೀಲು ಬುಡ್ತೀವಿ. ದೇವರ ಪಿಚ್ಚರ್ಲಿ ಒಬ್ರೂ ಕೇಳಲ್ಲ, ಕತೆ ಎಲ್ರಿಗೂ ಗೊತ್ತಲ್ಲ.”

“ಇದರ್ಲಿ ಯಾವ ರೀಲು ಬುಟ್ಟೆ?”

“ಅದೇ, ಎಲ್ರೂ ಕೂತ್ಕಂಡು ಬರೀ ಮಾತಾಡ್ತಾರಲ್ಲ, ಇನ್ಸ್‌ಪೆಕ್ಟ್ರು ಎದ್ದು ನಿಂತ್ಕಂಡು...”

ಅತ್ತೆ ಹಣೆ ಹಣೆ ಬಡಿದುಕೊಂಡರು. “ಲೋ, ಕೊಂದೋನು ಯಾರು ಅಂತ ಏಳೋ ರೀಲ್ನೇ ಬುಟ್ಟಿದ್ದೀಯಲ್ಲೋ! ಯಾರ್ಲಾ ಕೊಂದದ್ದು?”

“ನಂಗೇನ್ ಗೊತ್ತವ್ವ? ಒಂದ್ಸಲನಾದ್ರೂ ಮಿಷನ್ಗೆ ಆಕುದ್ರ ತಾನೆ?”

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೂ ಮನಸ್ಸು ಬರಲಿಲ್ಲ. ಅಷ್ಟು ವರ್ಷ ದೇವರ ಪಿಚ್ಚರಿಗೆ ಸರಿಹೋದ ಪದ್ಧತಿಯನ್ನೇ ಅವನು ಇದಕ್ಕೂ ನಡೆಸಿದ್ದ. ಬಿಟ್ಟ ರೀಲಿನ ಡಬ್ಬಿ ಪಿಚ್ಚರಿನ ಜೊತೆಗೇ ಇದೆ, ಯಳಂದೂರಿನ ಟೆಂಟಿಗೆ ಹೋಗಿ ಆಮೇಲೆ ಹನೂರಿಗೆ ಹೋಗುತ್ತದೆ ಎಂದ.

ಕೆಲವು ದಿನಗಳ ಮೇಲೆ ಅಗರದಿಂದ ಅತ್ತೆಯ ತಂಗಿಯ ಸೊಸೆ ಬಂದಳು. ಯಳಂದೂರಿನಲ್ಲಿ ಕುರ್ಚಿ ಪಿಚ್ಚರು ನೋಡಿ ಬಂದಿದ್ದಳು.

“ಯಾರು ಕೊಂದದ್ದು?” ಎಂದು ನಾನೂ ಅತ್ತೆಯೂ ಒಟ್ಟಿಗೆ ಕೇಳಿದೆವು.

“ಇನ್ಯಾರು, ಕುರ್ಚಿ!” ಎಂದಳು ಅವಳು ಕಣ್ಣರಳಿಸಿ. “ಅದ್ರಲ್ಲಿ ಮೊದ್ಲೆಂಡ್ತಿ ದೆವ್ವ ಅದಂತಲ್ಲ. ಕೊನೇಲಿ ತಾನೇ ತೂಗ್ತದಲ್ಲ, ನೋಡ್ಲಿಲ್ವ? ನಮ್ಗೆ ತಮಿಳು ಬರಲ್ಲ, ಪಕ್ಕದಲ್ಲಿದ್ದೋರು ಏಳುದ್ರು. ನಮ್ಮೂರಲ್ಲಿ ಈಗ ಯಾರೂ ಖಾಲಿ ಕುರ್ಚಿ ತೂಗಲ್ಲ.”

ಯಳಂದೂರಿನಲ್ಲೂ ರೀಲು ಬಿಟ್ಟಿದ್ದರು. ಅತ್ತೆ ಅವಳನ್ನು ಮತ್ತೊಂದೇ ಒಂದು ಪ್ರಶ್ನೆ ಕೇಳಿದರು. ಕಾಫಿ ಕುಡಿಯುವಾಗ ಕುರ್ಚಿ ಸದ್ದು ನಿಂತಿತಾ? ಅವಳಿಗೆ ನೆನಪಿರಲಿಲ್ಲ.

ಅಂದು ಸಂಜೆ ಅತ್ತೆ ಮಗನನ್ನು ಕರೆದರು. “ಹೂಗ್ಯದ ಹುಣಸೇಹಣ್ಣು ಎತ್ಕಂಡು ಬರಕ್ಕೆ ಹನೂರ್ಗೆ ಓಯ್ತೀಯಲ್ಲ, ನಮ್ಮಿಬ್ರುನೂ ಕರ್ಕಂಡೋಗು. ಆ ರೀಲು ಕೇಳ್ಬೇಕು. ನನ್ನ ಕಿವಿ ನೆಟ್ಟಗದ ಅಂತ ತಿಳುದ್ರ, ಆಸ್ಪತ್ರೆಗೆ ನಾನೇ ಬತ್ತೀನಿ. ಇಲ್ಲಾಂದ್ರ ಆ ಸುದ್ದೀನೇ ಎತ್ಬೇಡ.”

ಯಜಮಾನರು ನಕ್ಕುಬಿಡುತ್ತಾರೆ ಎಂದುಕೊಂಡೆ. ನಗಲಿಲ್ಲ. ಡಾಕ್ಟರು ತಡ ಮಾಡಬೇಡಿ ಎಂದದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. “ಅವ್ವಂಗೆ ಕೇಳಿಸ್ದದ್ದು ತಪ್ಪಾಗಿದ್ರೆ?” ಎಂದು ನನ್ನನ್ನು ಹಿತ್ತಲಲ್ಲಿ ಕೇಳಿದರು. ನನಗೂ ಅದೇ ಹೆದರಿಕೆ.

ಹನೂರಿನಲ್ಲಿ ಯಜಮಾನರ ಚಿಕ್ಕಮ್ಮನ ಮನೆಯಲ್ಲಿ ಇಳಿದೆವು. ಹೂಗ್ಯದಿಂದ ಬಂದ ಗಾಡಿಗಳ ಹಣ್ಣು ತೂಗಿಸಿ ಲಾರಿಗೆ ಹಾಕಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಟೆಂಟಿನ ಕಡೆಯಿಂದ ಹಾಡು ಕೇಳಿಸತೊಡಗಿತು, ಮೊದಲ ಆಟಕ್ಕೆ ಜನರನ್ನು ಕರೆಯುವ ಹಾಡು. ಯಜಮಾನರು ಮೊದಲೇ ಹೋಗಿ ಅಲ್ಲಿನ ಮಿಷನ್ನಿನವನಿಗೆ ಹೇಳಿ ಬಂದರು. ಬಿಟ್ಟ ರೀಲನ್ನು ಹಾಕುತ್ತೇನೆ, ಆದರೆ ಜನ ಗಲಾಟೆ ಮಾಡಿದರೆ ನಿಲ್ಲಿಸಿಬಿಡುತ್ತೇನೆ ಎಂದಿದ್ದನಂತೆ.

ಹನೂರಿನವರಿಗೆ ತಮಿಳು, ಕನ್ನಡ ಎರಡೂ ನೀರು ಕುಡಿದ ಹಾಗೆ. ಹಜಾರದಲ್ಲಿ ಎಲ್ಲರನ್ನೂ ಕೂರಿಸುವ ತನಕ ಸುಮ್ಮನೆ ನೋಡಿದರು. ದೀಪ ಹಾಕಿ, ರೀಲು ಬದಲಾಯಿಸಿ, ದೀಪ ಆರಿಸಿದರು. ಮತ್ತೆ ಅದೇ ಹಜಾರ ಕಂಡಿತು. ನಾನು ಅತ್ತೆಯ ಕಿವಿಗೆ ಬಗ್ಗಿದೆ. ಇನ್ಸ್‌ಪೆಕ್ಟರು ಎದ್ದು ನಿಂತು ಮಾತಾಡಿದ. ಕುಳಿತವರ ಮುಖಗಳು, ಮತ್ತೆ ಅವನ ಮುಖ, ಮತ್ತೆ ಅವರ ಮುಖಗಳು. ಬೇರೇನೂ ಇಲ್ಲ. ಅತ್ತೆಗೆ ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ತಿರುಗಿ ನೋಡಿದರೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ತೆರೆಯ ಬೆಳಕು ವಿಭೂತಿಯ ಮೇಲೆ ಬೀಳುತ್ತಿತ್ತು. ತುಟಿ ಬಿಗಿದು, ಕತ್ತು ಒಂದು ಪಕ್ಕಕ್ಕೆ ವಾಲಿಸಿ ಕೂತಿದ್ದರು.

ಗಂಡಸರ ಕಡೆಯಿಂದ ಶಿಳ್ಳೆ ಬಂತು. “ಲೇ, ಸಾಕು ನಿಲ್ಸ್ಲಾ! ಏನ್ ಹರಿಕತೆ ಮಾಡ್ತಾನ ಇವ್ನು?” ಎಂದು ಒಬ್ಬ ಕೂಗಿದ. ಇನ್ನಷ್ಟು ಜನ ಎದ್ದು ನಿಂತರು. ಹೆಂಗಸರು ಚಾಪೆ ಸುತ್ತತೊಡಗಿದರು. ಮಿಷನ್ನಿನ ಕಿಂಡಿಯಲ್ಲಿ ನೆರಳೊಂದು ಅಲ್ಲಾಡಿತು, ಇನ್ನೇನು ನಿಲ್ಲಿಸುತ್ತಾನೆ. ಅತ್ತೆಯ ಬೆರಳು ನನ್ನ ಮಣಿಕಟ್ಟನ್ನು ಹಿಸುಕಿತು.

ಆಗ ಯಜಮಾನರ ದನಿ ಕೇಳಿತು. “ಕೂತ್ಕಳ್ರಪ್ಪಾ! ಕೊಂದೋನ್ನ ಇಡ್ಯಾ ಒತ್ಗೆ ಎದ್ದೋಯ್ತೀರಲ್ಲ, ನೀವೇನ್ ಪೋಲೀಸ್ನೋರಾ? ಬುಡಿ, ಏನೋ ಏಳ್ತಾವ್ನೆ, ಕೇಳನ!”

ಜನ ನಕ್ಕರು. ಹನೂರಿನ ಗಾಡಿಯವರಿಗೆಲ್ಲ ಅವರ ಗುರುತಿತ್ತು. ನಗುತ್ತಲೇ ಕೂತರು. ಕೂತವರು ಕೇಳತೊಡಗಿದರು. ನೋಡನೋಡುತ್ತ ಟೆಂಟು ಎಷ್ಟು ನಿಶ್ಶಬ್ದವಾಯಿತೆಂದರೆ ಆಚೆಯ ಬಯಲಿನ ಜೀರುಂಡೆ ಕೇಳಿಸಿತು. ಅಷ್ಟೂ ಹೊತ್ತು ತೆರೆಯ ಮೇಲೆ ನಡೆದದ್ದು ಬರೀ ಮಾತು. ಅಂಥ ಹೆದರಿಕೆಯನ್ನು ನಾನು ಯಾವ ದೆವ್ವದ ಪಿಚ್ಚರಿನಲ್ಲೂ ಕಂಡಿಲ್ಲ.

ಇದ್ದಕ್ಕಿದ್ದಂತೆ ಅತ್ತೆ ಕಣ್ಣು ಬಿಟ್ಟರು. “ಎಣ್ಣೆ,” ಎಂದರು.

“ಏನು ಅತ್ತೆಮ್ಮ?”

“ಎಣ್ಣೆ ಅಂದ ಕಣೆ! ಕುರ್ಚಿಗೆ ಎಣ್ಣೆ ಬುಟ್ಟಿತ್ತು ಅಂದ!”

ಆಮೇಲೆ ಅವರು ಕನ್ನಡ ಮಾಡಿ ಹೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು. ಕಾಫಿ ಕುಡಿಯಲು ಇಳಿದು ಬರುವ ಮುಂಚೆ ಕುರ್ಚಿಯ ಸಂದಿಗೆ ಎಣ್ಣೆ ಬಿಟ್ಟದ್ದು ಡಾಕ್ಟರು. ಎಣ್ಣೆ ಇಳಿದು ಸದ್ದು ನಿಂತಿತು. ಆಮೇಲೆ ಚೂರಿ ನೋಡಿದವರೆಲ್ಲ, ಸದ್ದು ನಿಂತ ಗಳಿಗೆಯಲ್ಲೇ ಸಾಹುಕಾರ ಸತ್ತ ಎಂದುಕೊಂಡರು. ಆ ಗಳಿಗೆಯಲ್ಲಿ ಡಾಕ್ಟರು ಎಲ್ಲರ ಕಣ್ಣೆದುರು ಕಾಫಿ ಕುಡಿಯುತ್ತಿದ್ದ. ಕೊಂದದ್ದು ಆಮೇಲೆ, ಹೋಗಿಬರುತ್ತೇನೆ ಎಂದು ಎದ್ದವನು ಹಿಂದಿನ ಮೆಟ್ಟಿಲಿನಿಂದ ಮಹಡಿಗೆ ಹತ್ತಿ. ಅಕ್ಕನ ಎಣ್ಣೆ ಕುಡಿಕೆಯಿಂದಲೇ ಎಣ್ಣೆ ಹೋಗಿತ್ತು. ಕಮ್ಮಿಯಾದದ್ದು ಅವಳಿಗೆ ತಿಳಿದಿತ್ತು, ತನ್ನ ಮೇಲೇ ಬರುತ್ತದೆಂದು ಹೆದರಿ ಬಾಯಿ ಬಿಟ್ಟಿರಲಿಲ್ಲ.

ಕೊನೆಯ ರೀಲಿನಲ್ಲಿ ಖಾಲಿ ಕುರ್ಚಿ ಸದ್ದಿಲ್ಲದೆ ತೂಗಿತು. ಈ ಸಲ ಟೆಂಟಿನಲ್ಲಿದ್ದವರೆಲ್ಲ ಆ ಸದ್ದಿಲ್ಲದಿರುವುದನ್ನು ಕೇಳಿಸಿಕೊಂಡರು.

ಹೊರಗೆ ಯಜಮಾನರು ಎದೆ ಉಬ್ಬಿಸಿಕೊಂಡು ನಿಂತಿದ್ದರು. “ನಾನ್ ಏಳಿರ್ಲಿಲ್ವ, ಡಾಕ್ಟ್ರೇ ಅಂತ? ಪಿಚ್ಚರ್ನೇ ನೋಡ್ದೆ ಏಳ್ದೆ!”

“ನೀ ಏಳಿದ್ದು ಬಾಯಿಗೆ ಬಂದದ್ದ. ನಾ ಏಳಿದ್ದು ಕಿವಿಗೆ ಬಿದ್ದದ್ದ,” ಎಂದರು ಅತ್ತೆ. ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ ಮತ್ತೆ ಮಾತು ತೆಗೆದರು. “ಆಳು ತಪ್ಪಾಯ್ತು. ಪಾಪ, ಆ ಅಕ್ಕನ ಮ್ಯಾಲೆ ಸುಮ್ನೆ ಒರಸ್ಬುಟ್ಟೆ. ಎಣ್ಣೆ ಸರಿಯಾಯ್ತು.”

ಯಜಮಾನರು ಆಸ್ಪತ್ರೆಯ ಮಾತು ಎತ್ತಲಿಲ್ಲ. ಎತ್ತಿದ್ದು ಅತ್ತೆಯೇ, ಚಿಕ್ಕಮ್ಮನ ಮನೆಯ ಜಗಲಿ ಹತ್ತುವಾಗ. “ಹಣ್ಣು ಇಳ್ಸುದ್ ಮ್ಯಾಲೆ ಮೈಸೂರ್ಗೆ ಓಗಾನ ಕಣ್ಲಾ.”

ಆಸ್ಪತ್ರೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟು ಮಲಗಿಸಿದರು. ಮೊದಲ ದಿನ ನನ್ನ ಕೈ ಬಿಡಲಿಲ್ಲ. ಎರಡನೆಯ ದಿನದಿಂದ, ಬರುವವರು ಯಾರು ಎಂದು ನಾನು ಹೇಳುವ ಮುಂಚೆ ತಾವೇ ಹೇಳತೊಡಗಿದರು. ಕಾಲೆಳೆದು ಬರುವವಳು ನೆಲ ಒರೆಸುವವಳು, ಕೀಲಿ ಗೊಂಚಲು ಅಲ್ಲಾಡಿದರೆ ನರ್ಸಮ್ಮ. ಮೂರನೆಯ ಮಂಚದ ಹೆಂಗಸು ಅಳುತ್ತಿದ್ದಾಳೆ, ಹೋಗಿ ಕೂತ್ಕೋ ಎಂದು ಒಂದು ಮಧ್ಯಾಹ್ನ ನನ್ನನ್ನು ಕಳಿಸಿದರು. ಆ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಡಾಕ್ಟರು ಬಂದಾಗ ಮಾತ್ರ ಅತ್ತೆ ಸುಮ್ಮನಾಗಿಬಿಡುತ್ತಿದ್ದರು. ಅವರು ಹೋದ ಮೇಲೆ ನನ್ನ ಕಿವಿಯಲ್ಲಿ, “ದಿನಾ ಬತ್ತಾನ ಕೂಸೆ, ವಸಿ ನೋಡ್ಕ,” ಎನ್ನುತ್ತಿದ್ದರು. ತಮಾಷೆಗೋ ನಿಜಕ್ಕೋ ತಿಳಿಯುತ್ತಿರಲಿಲ್ಲ.

ಬಟ್ಟೆ ಬಿಚ್ಚಿ, ಕಪ್ಪು ಕನ್ನಡಕ ಹಾಕಿಸಿ ಕೊಳ್ಳೇಗಾಲಕ್ಕೆ ಕರೆತಂದೆವು. ಪಕ್ಕದ ಮನೆಯಾಕೆ ಆರತಿ ಹಿಡಿದು ಕಾದಿದ್ದಳು. ಕುರ್ಚಿಯ ಸಂಗತಿ ಅವಳಿಗೆ ಆಗಲೇ ಮುಟ್ಟಿತ್ತು. “ಜೀರುಂಡೆ ಮಾತ್ರ ಆಚ್ಗೇ ಇದ್ದವು ಕಣಕ್ಕ, ಅದರ್ಲಿ ನಾನು ಬುಡಾದಿಲ್ಲ,” ಎಂದಳು. ಅತ್ತೆ ಅವಳ ಕೆನ್ನೆ ಸವರಿ, “ಅದ ನಿಂಗೇ ಬುಟ್ಟಿವ್ನಿ ಕಣೆ,” ಎಂದರು.

ಆರತಿ ಆಯಿತು. ಅತ್ತೆ ಅಭ್ಯಾಸದಂತೆ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತಳ್ಳಿದರು. ಅದು ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ ಸರಿಯಿತು. ಒಂದಿಷ್ಟೂ ಸದ್ದಿಲ್ಲ. ಅಮ್ಮ ಮನೆಗೆ ಬರುವ ಹೊತ್ತಿಗೆ ಎಲ್ಲ ನೆಟ್ಟಗಿರಲಿ ಎಂದು ಯಜಮಾನರು ಹಿಂದಿನ ದಿನ ಬಾಗಿಲ ತಿರುಗಣೆಗಳಿಗೆಲ್ಲ ಹರಳೆಣ್ಣೆ ಬಿಟ್ಟಿದ್ದರು.

ಅತ್ತೆ ಹೊಸ್ತಿಲ ಮೇಲೆಯೇ ನಿಂತುಬಿಟ್ಟರು. ಒಳಗೆ ಕಾಲಿಡಲಿಲ್ಲ. ಕಪ್ಪು ಕನ್ನಡಕದ ಮುಖವನ್ನು ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿಸಿದರು, ಹನೂರಿನ ಟೆಂಟಿನಲ್ಲಿ ವಾಲಿಸಿದ ಹಾಗೆಯೇ.

“ಲೋ,” ಎಂದರು ಮಗನಿಗೆ. “ಬಾಗ್ಲಿಗೆ ಎಣ್ಣೆ ಬುಟ್ಟೋನು ಯಾವನ್ಲಾ?”